ಸಿನಿಮಾ ನೋಡುವ ರೂಢಿಗೆ ಮರಳುವುದು: ಚಿತ್ರಗಳ ಲೆಕ್ಕ ಇಡುವ ಆ್ಯಪ್‌ಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನೋಡಿದ ಚಲನಚಿತ್ರಗಳನ್ನು ದಾಖಲಿಸಿಕೊಳ್ಳುವ ಆ್ಯಪ್‌ಗಳ ಬಗ್ಗೆ ಮೈಸೂರಿನ ಗೆಳೆಯರು, ನೆಂಟರು ಮತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಜೊತೆಗೆ ನಡೆಯುವವರು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿ ಉತ್ತರಿಸಿದೆ. ಒಂದು ಕಾಲಕ್ಕೆ ಬಿಡುಗಡೆಯಾದ ಚಿತ್ರಗಳನ್ನೆಲ್ಲ ತಪ್ಪದೆ ನೋಡುತ್ತಿದ್ದು, ಈಗ ಮನೆಯಲ್ಲಿ ಮೂರು ನಾಲ್ಕು ಒಟಿಟಿ ಚಂದಾ ಇದ್ದರೂ ಒಂದು ಚಿತ್ರವನ್ನು ಪೂರ್ತಿ ನೋಡಿ ಮುಗಿಸಲಾಗದೆ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ಸಿನಿಮಾ ನೋಡುವುದಕ್ಕೂ ಒಂದು ಆ್ಯಪ್ ಬೇಕೆ?

ಬೇಕೇ ಬೇಕೆಂದಿಲ್ಲ. ವಾರಕ್ಕೊಮ್ಮೆ ತಪ್ಪದೆ ಚಿತ್ರ ನೋಡುವವರಿಗೆ, ಕಳೆದ ತಿಂಗಳು ಏನು ನೋಡಿದೆವೆಂಬುದು ಚೆನ್ನಾಗಿ ನೆನಪಿರುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ರೂಢಿ ತಪ್ಪಿಹೋಗಿದೆ, ಅದು ಮರಳಿ ಬರಬೇಕು ಎಂದು ಬಯಸುವವರಿಗೆ ಮಾತ್ರ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಹಿಂದೆ ಯಾವ ಆ್ಯಪ್ ಇಲ್ಲದೆಯೂ ನೋಡುತ್ತಿದ್ದೆವಲ್ಲ. ಆ ರೂಢಿ ತಪ್ಪಿದ್ದಾದರೂ ಹೇಗೆ?

ಆಗ ಆಯ್ಕೆಯ ಹೊರೆ ನಮ್ಮ ಮೇಲಿರಲಿಲ್ಲ. ಶುಕ್ರವಾರ ಚಿತ್ರ ಬದಲಾಗುತ್ತಿತ್ತು, ಮ್ಯಾಟಿನಿಗೋ ಫಸ್ಟ್ ಶೋಗೋ ಹೊರಡುವುದಷ್ಟೇ ನಮ್ಮ ಕೆಲಸವಾಗಿತ್ತು. ಭಾನುವಾರ ದೂರದರ್ಶನದಲ್ಲಿ ಯಾವ ಚಿತ್ರ ಹಾಕುತ್ತಾರೋ ಅದನ್ನೇ ಇಡೀ ಬೀದಿ ನೋಡುತ್ತಿತ್ತು. ಶಾಂತಲಾದಂತಹ ಚಿತ್ರಮಂದಿರಗಳು ಬಾಗಿಲು ಮುಚ್ಚಿದ ಮೇಲೆ, ನಡೆದುಕೊಂಡು ಹೋಗಿ ಗೋಡೆಯ ಪೋಸ್ಟರ್ ನೋಡಿ ಟಿಕೆಟ್ ತೆಗೆದುಕೊಳ್ಳುವ ಪದ್ಧತಿಯೂ ನಗರದಲ್ಲಿ ಕಡಿಮೆಯಾಯಿತು.

ಈಗ ಎಲ್ಲ ಚಿತ್ರಗಳೂ ಎಲ್ಲ ಹೊತ್ತಿನಲ್ಲೂ ಸಿಗುತ್ತವೆ. ಯಾವುದನ್ನು ನೋಡುವುದೆಂದು ತೀರ್ಮಾನಿಸುವ ಹೊತ್ತು ಮತ್ತು ನೋಡುವ ಹೊತ್ತು ಎರಡೂ ಒಂದೇ ಆಗಿಬಿಟ್ಟಿರುವುದು, ಅದೂ ಊಟ ಮುಗಿದು ಕಣ್ಣು ಎಳೆಯುವ ರಾತ್ರಿ ಒಂಬತ್ತೂವರೆಗೆ ಆಗಿರುವುದು, ನನ್ನ ಅಭಿಪ್ರಾಯದಲ್ಲಿ ರೂಢಿ ಕೆಡಲು ಮುಖ್ಯ ಕಾರಣ. ಅರ್ಧ ಗಂಟೆ ಪೋಸ್ಟರ್‌ಗಳನ್ನು ಸರಿಸುತ್ತ ಕುಳಿತು, ಯಾವುದೂ ಒಪ್ಪಿಗೆಯಾಗದೆ, ಕೊನೆಗೆ ಫೋನಿನಲ್ಲಿ ತುಣುಕು ವಿಡಿಯೊ ನೋಡಿ ಮಲಗುವವರಿಗೆ ಚಿತ್ರಗಳ ಮೇಲಿನ ಆಸಕ್ತಿ ಹೋಗಿಲ್ಲ, ತೀರ್ಮಾನಿಸುವ ತ್ರಾಣ ಆ ಹೊತ್ತಿನಲ್ಲಿ ಉಳಿದಿರುವುದಿಲ್ಲ, ಅಷ್ಟೆ. ಟ್ರ್ಯಾಕಿಂಗ್ ಆ್ಯಪ್ ಈ ಎರಡು ಹೊತ್ತುಗಳನ್ನು ಬೇರ್ಪಡಿಸುತ್ತದೆ: ತೀರ್ಮಾನ ಹಗಲಿನಲ್ಲಿ, ನೋಡುವುದು ರಾತ್ರಿ, ದಾಖಲೆ ಮರುದಿನ ಬೆಳಿಗ್ಗೆ.

ಈ ಆ್ಯಪ್‌ನಲ್ಲಿ ಚಿತ್ರಗಳನ್ನು ನೋಡಬಹುದೆ?

ಸಾಮಾನ್ಯವಾಗಿ ಇಲ್ಲ. ಇವು ಮುಖ್ಯವಾಗಿ ದಾಖಲೆಯ ಆ್ಯಪ್‌ಗಳು. ಚಿತ್ರವನ್ನು ಥಿಯೇಟರಿನಲ್ಲೋ, ಟಿವಿಯಲ್ಲೋ, ಒಟಿಟಿಯಲ್ಲೋ, ಯೂಟ್ಯೂಬಿನಲ್ಲೋ ನೋಡಿ, ನೋಡಿದ್ದೇವೆಂದು ಇಲ್ಲಿ ಗುರುತು ಮಾಡಿಕೊಳ್ಳಬೇಕು. ಯಾವ ಚಿತ್ರ ಯಾವ ಒಟಿಟಿಯಲ್ಲಿದೆ ಎಂಬ ಮಾಹಿತಿಯನ್ನು ಕೆಲವು ಆ್ಯಪ್‌ಗಳು ತೋರಿಸುತ್ತವೆ. ಇಂತಹ ಆ್ಯಪ್‌ಗಳಲ್ಲಿ ಒಂದಾದ ಲೆಟರ್‌ಬಾಕ್ಸ್‌ಡ್ ಈ ಮಾಹಿತಿಯನ್ನು ಜಸ್ಟ್‌ವಾಚ್ ಎಂಬ ಸೇವೆಯಿಂದ ಪಡೆಯುತ್ತದೆ. ಕನ್ನಡದ ಹಳೆಯ ಚಿತ್ರಗಳ ಮಟ್ಟಿಗೆ ಅದನ್ನು ಪೂರ್ತಿ ನೆಚ್ಚಿಕೊಳ್ಳದೆ ಯೂಟ್ಯೂಬಿನಲ್ಲಿಯೂ ಒಮ್ಮೆ ಹುಡುಕುವುದು ಒಳ್ಳೆಯದು.

ಇರುವ ಆ್ಯಪ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಮೂರರ ಹೆಸರು ಹೇಳಿದರೆ ಸಾಕು. ಐಎಂಡಿಬಿ ಎಲ್ಲಕ್ಕಿಂತ ಹಳೆಯದು. 1990ರಲ್ಲಿ ಚಿತ್ರಾಸಕ್ತರ ಪಟ್ಟಿಯಾಗಿ ಆರಂಭವಾದ ಅದು 1998ರಲ್ಲಿ ಅಮೆಜಾನ್ ಕಂಪನಿಯ ಕೈಸೇರಿತು. ಅದರಲ್ಲಿ ಒಂದರಿಂದ ಹತ್ತರವರೆಗೆ ಅಂಕ ಕೊಡಬಹುದು, ನೋಡಬೇಕಾದ ಪಟ್ಟಿಯನ್ನೂ ಮಾಡಿಕೊಳ್ಳಬಹುದು. ಆದರೆ ದಿನಚರಿಯಂತೆ ಬಳಸಲು ಅದು ಅಷ್ಟು ಹಿತವಾಗಿಲ್ಲ. ಟ್ರ್ಯಾಕ್ಟ್ ಎಂಬುದು ಚಿತ್ರಗಳೊಂದಿಗೆ ಧಾರಾವಾಹಿಗಳನ್ನೂ ಸಂಚಿಕೆವಾರು ದಾಖಲಿಸುತ್ತದೆ. ಕೋಡಿ, ಪ್ಲೆಕ್ಸ್ ಮುಂತಾದ ವಿಡಿಯೊ ನೋಡುವ ಆ್ಯಪ್‌ಗಳೊಂದಿಗೆ ಜೋಡಿಸಿದರೆ ನೋಡಿದ್ದೆಲ್ಲ ತಾನಾಗಿಯೇ ದಾಖಲಾಗುತ್ತದೆ.

ರೂಢಿಗೆ ಮರಳಬೇಕೆನ್ನುವವರಿಗೆ ನಾನು ಸೂಚಿಸುವುದು ಲೆಟರ್‌ಬಾಕ್ಸ್‌ಡ್. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಮ್ಯಾಥ್ಯೂ ಬುಕ್ಯಾನನ್ ಮತ್ತು ಕಾರ್ಲ್ ಫಾನ್ ರಾಂಡೋ 2011ರಲ್ಲಿ ಆರಂಭಿಸಿದ ಈ ಸೇವೆಯ ತಿರುಳೇ ಡೈರಿ. ತಾನಾಗಿ ಏನನ್ನೂ ದಾಖಲಿಸದಿರುವುದು ಇದರ ಕೊರತೆಯೆಂದು ಕೆಲವರು ಹೇಳುತ್ತಾರೆ. ನನಗೆ ಅದೇ ಅದರ ಗುಣವಾಗಿ ಕಾಣುತ್ತದೆ. ಚಿತ್ರದ ಹೆಸರನ್ನು ಹುಡುಕಿ, ದಿನಾಂಕ ಹಾಕಿ, ಒಂದು ಸಾಲು ಬರೆಯುವ ಆ ಒಂದೆರಡು ನಿಮಿಷದಲ್ಲಿಯೇ ನೋಡಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.

ಹಣ ಕೊಡಬೇಕೆ?

ಲೆಟರ್‌ಬಾಕ್ಸ್‌ಡ್‌ನಲ್ಲಿ ಡೈರಿ, ನೋಡಬೇಕಾದ ಪಟ್ಟಿ, ನಕ್ಷತ್ರ, ಬರಹ, ಇವೆಲ್ಲ ಉಚಿತ. ಚಂದಾ ಕೊಟ್ಟರೆ ಜಾಹೀರಾತು ಇರುವುದಿಲ್ಲ, ವರ್ಷದ ಅಂಕಿಅಂಶಗಳ ಪುಟ ಸಿಗುತ್ತದೆ. ಮೊದಲ ವರ್ಷ ಅದರ ಅಗತ್ಯವಿಲ್ಲ.

ಖಾತೆ ತೆರೆದ ಕೂಡಲೇ ಇದುವರೆಗೆ ನೋಡಿದ್ದನ್ನೆಲ್ಲ ತುಂಬಬೇಕೆ?

ಬೇಡ. ಆರಂಭದ ಉತ್ಸಾಹದಲ್ಲಿ ಬಾಲ್ಯದಿಂದ ನೋಡಿದ ಚಿತ್ರಗಳನ್ನೆಲ್ಲ ತುಂಬಲು ಕುಳಿತವರು ಆ ಕೆಲಸ ಮುಗಿಯುವ ಮೊದಲೇ ಬೇಸತ್ತು ಆ್ಯಪ್ ಅನ್ನೇ ತೆಗೆದುಹಾಕುವುದುಂಟು. ಲೆಟರ್‌ಬಾಕ್ಸ್‌ಡ್‌ನಲ್ಲಿ ಎರಡು ಬಗೆಯ ಗುರುತುಗಳಿವೆ ಎಂಬುದನ್ನು ಇಲ್ಲಿ ತಿಳಿದಿರಬೇಕು. ಕಣ್ಣಿನ ಚಿಹ್ನೆಯನ್ನು ಒತ್ತಿದರೆ ಆ ಚಿತ್ರವನ್ನು ಎಂದೋ ನೋಡಿದ್ದೇನೆ ಎಂದಷ್ಟೇ ದಾಖಲಾಗುತ್ತದೆ. ಅದಕ್ಕೆ ದಿನಾಂಕವಿಲ್ಲ, ಡೈರಿಯಲ್ಲಿ ಅದು ಬರುವುದಿಲ್ಲ. ದಿನಾಂಕದೊಂದಿಗೆ ದಾಖಲಿಸಿದಾಗ ಮಾತ್ರ ಡೈರಿಯ ನಮೂದಾಗುತ್ತದೆ. ಹಳೆಯದಕ್ಕೆ ಕಣ್ಣಿನ ಗುರುತು ಸಾಕು, ಅದನ್ನೂ ನೆನಪಾದಾಗ ನೆನಪಾದಷ್ಟು ಮಾಡಿದರೆ ಸಾಕು. ಡೈರಿ ಇಂದಿನಿಂದ ಆರಂಭವಾಗಲಿ.

ನೋಡಬೇಕಾದ ಪಟ್ಟಿಯನ್ನು ಹೇಗೆ ಮಾಡಿಕೊಳ್ಳಬೇಕು?

ಆ್ಯಪ್‌ನಲ್ಲಿ ಇದಕ್ಕೆ ವಾಚ್‌ಲಿಸ್ಟ್ ಎಂದು ಹೆಸರು. ಚೀಟಿ ಬರೆದುಕೊಂಡು ದೇವರಾಜ ಮಾರುಕಟ್ಟೆಗೆ ಹೋದವರು ಬೇಗ ಹಿಂದಿರುಗುವಂತೆ, ಪಟ್ಟಿಯಿರುವವರು ರಾತ್ರಿ ಟಿವಿಯ ಮುಂದೆ ಹೆಚ್ಚು ಹೊತ್ತು ಹುಡುಕಾಡುವುದಿಲ್ಲ. ಯಾರಾದರೂ ಒಂದು ಚಿತ್ರವನ್ನು ಹೊಗಳಿದ ಕೂಡಲೇ, ಪತ್ರಿಕೆಯಲ್ಲಿ ವಿಮರ್ಶೆ ಓದಿದ ಕೂಡಲೇ ಅದನ್ನು ಪಟ್ಟಿಗೆ ಸೇರಿಸಿಬಿಡಬೇಕು. ಆಗ ನೋಡುವ ಒತ್ತಾಯವಿಲ್ಲದಿರುವುದರಿಂದ ಆಯ್ಕೆಯೂ ಉದಾರವಾಗಿರುತ್ತದೆ. ರಾತ್ರಿ ದಣಿದಾಗ ಎಂದೂ ಆರಿಸದಂತಹ ಚಿತ್ರವನ್ನು ಹಗಲಿನಲ್ಲಿ ಆರಿಸಿರುತ್ತೇವೆ.

ಈ ಪಟ್ಟಿ ಬಹು ಬೇಗ ಬೆಳೆಯುತ್ತದೆ, ಮತ್ತು ನೂರಾರು ಚಿತ್ರಗಳ ಪಟ್ಟಿ ಒಟಿಟಿಯ ಮುಖಪುಟದಷ್ಟೇ ತಲೆಭಾರವಾಗುತ್ತದೆ. ಅದಕ್ಕಾಗಿ ಆ ವಾರಕ್ಕೆ ಮೂರು ಹೆಸರುಗಳ ಒಂದು ಚಿಕ್ಕ ಪಟ್ಟಿಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳುವುದು ಉತ್ತಮ. ಅವಧಿಯ ಪ್ರಕಾರ ಪಟ್ಟಿಯನ್ನು ಜೋಡಿಸುವ ಸೌಲಭ್ಯವೂ ಇದೆ, ಅದು ನಿಜಕ್ಕೂ ಉಪಯುಕ್ತ. ಮರುದಿನ ಕೆಲಸವಿರುವ ರಾತ್ರಿ ತೊಂಬತ್ತು ನಿಮಿಷದ ಚಿತ್ರ, ಶನಿವಾರಕ್ಕೆ ಎರಡೂವರೆ ಗಂಟೆಯದು ಎಂದು ಹಂಚಿಕೊಳ್ಳಬಹುದು. ಒಂದು ಮಾತು: ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದಂತಹವು ಮಾಹಿತಿ ಕೋಶದಲ್ಲಿ ಕಾಣಿಸುತ್ತವೆಂದು ಪಟ್ಟಿಗೆ ಹಾಕಿಕೊಂಡು ಕಾಯುವುದರಲ್ಲಿ ಅರ್ಥವಿಲ್ಲ, ನೋಡಲು ಪ್ರತಿಯೇ ಉಳಿದಿಲ್ಲ.

ಕನ್ನಡ ಚಿತ್ರಗಳು ಈ ಆ್ಯಪ್‌ಗಳಲ್ಲಿ ಸಿಗುತ್ತವೆಯೆ?

ಬಹುಪಾಲು ಸಿಗುತ್ತವೆ, ಆದರೆ ಹುಡುಕುವ ಕ್ರಮ ತಿಳಿದಿರಬೇಕು. ಲೆಟರ್‌ಬಾಕ್ಸ್‌ಡ್ ತನ್ನ ಚಿತ್ರಮಾಹಿತಿಯನ್ನು ಟಿಎಂಡಿಬಿ ಎಂಬ ಬೇರೊಂದು ಮಾಹಿತಿ ಕೋಶದಿಂದ ಪಡೆಯುತ್ತದೆ, ಮತ್ತು ಆ ಕೋಶವನ್ನು ವಿಕಿಪೀಡಿಯದ ರೀತಿಯಲ್ಲಿ ಸ್ವಯಂಪ್ರೇರಿತರೇ ತುಂಬಿದ್ದಾರೆ. ಹೀಗಾಗಿ ಕನ್ನಡದ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿರುತ್ತಾರೆ. ದೀರ್ಘಕ್ಕೆ ಎ ಅಕ್ಷರವನ್ನು ಒಂದು ಸಲ ಹಾಕಿದ್ದಾರೋ ಎರಡು ಸಲವೋ, ಳಕಾರವನ್ನು ಹೇಗೆ ತೋರಿಸಿದ್ದಾರೋ ಹೇಳಲಾಗದು. ಹೆಸರು ಸಿಗದಿದ್ದಾಗ ನಿರ್ದೇಶಕರ ಅಥವಾ ನಾಯಕನಟರ ಪುಟಕ್ಕೆ ಹೋಗಿ ಅಲ್ಲಿಂದ ಹುಡುಕುವುದು ಸುಲಭದ ದಾರಿ.

ಒಂದೇ ಹೆಸರಿನ ಚಿತ್ರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ‘ಗಂಧದ ಗುಡಿ’ ಎಂದು ಹುಡುಕಿದರೆ ರಾಜಕುಮಾರ್ ಮತ್ತು ವಿಷ್ಣುವರ್ಧನ್ ನಟಿಸಿದ 1973ರ ಚಿತ್ರ, ಶಿವರಾಜಕುಮಾರ್ ಅಭಿನಯದ 1994ರ ಎರಡನೇ ಭಾಗ, ಪುನೀತ್ ರಾಜಕುಮಾರ್ ಕಾಣಿಸಿಕೊಂಡಿರುವ 2022ರ ಸಾಕ್ಷ್ಯಚಿತ್ರ ಹೀಗೆ ಮೂರು ಎದುರಾಗುತ್ತವೆ. ‘ನಾಗರಹಾವು’ ಇನ್ನೂ ತೊಡಕಿನದು. 1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ್ದು ಒಂದಾದರೆ, 2016ರಲ್ಲಿ ಬಂದ ಅದೇ ಹೆಸರಿನ ಚಿತ್ರದಲ್ಲಿ, 2009ರಲ್ಲಿಯೇ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರ್ ತಂತ್ರದಿಂದ ತೆರೆಗೆ ತಂದಿದ್ದರು. ಆದ್ದರಿಂದ ನಟರ ಹೆಸರು ನೋಡಿಯೂ ಇವೆರಡನ್ನು ಬೇರ್ಪಡಿಸಲಾಗದು, ವರ್ಷವನ್ನೇ ನೋಡಬೇಕು. ಇದರ ಮೇಲೆ, ಮೂಲ ಚಿತ್ರವು ಡಿಜಿಟಲ್ ರೂಪದಲ್ಲಿ 2018ರಲ್ಲಿ ಮರುಬಿಡುಗಡೆಯಾಯಿತು. ಆಗ ಥಿಯೇಟರಿನಲ್ಲಿ ಅದನ್ನು ನೋಡಿದವರು 1972ರ ಚಿತ್ರವನ್ನೇ ಆರಿಸಿ, ನೋಡಿದ ದಿನಾಂಕವನ್ನು ಮಾತ್ರ 2018 ಎಂದು ಹಾಕಬೇಕು.

ಚಿತ್ರ ಸಿಗಲೇ ಇಲ್ಲವಾದರೆ?

ಟಿಎಂಡಿಬಿಯಲ್ಲಿ ಉಚಿತ ಖಾತೆ ತೆರೆದು ನಾವೇ ಸೇರಿಸಬಹುದು. ಮೂಲ ಭಾಷೆ ಕನ್ನಡವೆಂದು ಆರಿಸಿ, ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟು, ಬಿಡುಗಡೆಯ ವರ್ಷ, ಅವಧಿ, ನಿರ್ದೇಶಕರು, ಮುಖ್ಯ ಕಲಾವಿದರು ಇಷ್ಟನ್ನು ತುಂಬಿದರೆ ಕೆಲಕಾಲದ ನಂತರ ಅದು ಲೆಟರ್‌ಬಾಕ್ಸ್‌ಡ್‌ನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮಾಹಿತಿಗೆ ನೆನಪನ್ನು ನಂಬದೆ ಚಿತ್ರದ ಆರಂಭದ ಹೆಸರುಗಳ ಪಟ್ಟಿಯನ್ನೇ ಮುಂದಿಟ್ಟುಕೊಳ್ಳುವುದು ಸರಿ. ಅರವತ್ತು, ಎಪ್ಪತ್ತರ ದಶಕದ ಚಿತ್ರಗಳ ಪುಟಗಳಲ್ಲಿ ಸಂಗೀತ ನಿರ್ದೇಶಕರ, ಛಾಯಾಗ್ರಾಹಕರ, ಸಂಕಲನಕಾರರ ಹೆಸರೇ ಇಲ್ಲದಿರುವುದು ಎದ್ದು ಕಾಣುತ್ತದೆ. ಕಾಲೇಜು ಮಕ್ಕಳು ಬೇಸಿಗೆ ರಜೆಯಲ್ಲಿ ಮಾಡಬಹುದಾದ ಕೆಲಸವಿದು.

ನಕ್ಷತ್ರಗಳನ್ನು ಯಾವ ಲೆಕ್ಕದಲ್ಲಿ ಕೊಡಬೇಕು?

ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗೆ ಒಟ್ಟು ಹತ್ತು ಮೆಟ್ಟಿಲುಗಳಿವೆ. ಮೊದಲ ಕೆಲವು ತಿಂಗಳು ನಕ್ಷತ್ರವನ್ನೇ ಕೊಡಬೇಡಿ ಎಂಬುದು ನನ್ನ ಸಲಹೆ. ಅಂಕ ಕೊಡಬೇಕೆಂಬ ಯೋಚನೆ ತಲೆಯಲ್ಲಿದ್ದರೆ ಇಂಟರ್ವಲ್‌ಗೆ ಮೊದಲೇ ಮನಸ್ಸು ತೀರ್ಪು ಕೊಡಲು ಕುಳಿತುಬಿಡುತ್ತದೆ, ನೋಡುವುದು ಹಿಂದೆ ಬೀಳುತ್ತದೆ. ಮೆಚ್ಚಿದ ಚಿತ್ರಕ್ಕೆ ಹೃದಯದ ಚಿಹ್ನೆ ಒತ್ತಿದರೆ ಸಾಕು. ಮುಂದೆ ನಕ್ಷತ್ರ ಕೊಡುವುದಾದರೆ, ಒಳ್ಳೆಯ ಹಾಸ್ಯಚಿತ್ರವನ್ನು ಹಾಸ್ಯಚಿತ್ರಗಳೊಂದಿಗೆ ತೂಗಬೇಕೇ ಹೊರತು ‘ಘಟಶ್ರಾದ್ಧ’ದಂತಹ ಗಂಭೀರ ಚಿತ್ರದ ಪಕ್ಕದಲ್ಲಿಟ್ಟು ಅಲ್ಲ.

ಬರೆಯಲು ಬಾರದವರು ಏನು ಬರೆಯಬೇಕು?

ವಿಮರ್ಶೆ ಬೇಕಿಲ್ಲ. ಕಥೆಯ ಸಾರಾಂಶವಂತೂ ಬೇಡವೇ ಬೇಡ, ಅದು ಎಲ್ಲೆಡೆ ಸಿಗುತ್ತದೆ. ಎಲ್ಲಿ ನೋಡಿದಿರಿ, ಯಾರ ಜೊತೆ ನೋಡಿದಿರಿ, ಮನಸ್ಸಿನಲ್ಲಿ ಉಳಿದ ಒಂದು ದೃಶ್ಯ ಯಾವುದು ಎಂಬ ಮೂರು ಸಂಗತಿಗಳು ಒಂದೇ ವಾಕ್ಯದಲ್ಲಿ ಬಂದರೆ ಸಾಕು. ‘ಸಂಗಂನಲ್ಲಿ ಸೆಕೆಂಡ್ ಶೋ, ಭಾವ ಇಂಟರ್ವಲ್‌ನಲ್ಲೇ ಮನೆಗೆ ಹೊರಟರು, ಕೊನೆಯ ಮಳೆಯ ದೃಶ್ಯಕ್ಕಾಗಿ ನಾನು ಉಳಿದದ್ದು ಸಾರ್ಥಕ’ ಎಂಬಂತಹ ವಾಕ್ಯಕ್ಕೆ ಎರಡು ವರ್ಷದ ನಂತರ ಇರುವ ಬೆಲೆ ಯಾವ ನಕ್ಷತ್ರಕ್ಕೂ ಇರುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಕನ್ನಡ ಚಿತ್ರಗಳ ಪುಟಗಳಲ್ಲಿಯೂ ಇಂಗ್ಲಿಷ್ ಬರಹಗಳೇ ತುಂಬಿರುವುದನ್ನು ಕಂಡಾಗ, ಬರೆಯುವವರು ಕನ್ನಡದಲ್ಲಿಯೇ ಬರೆಯಲಿ ಎನ್ನಿಸುತ್ತದೆ.

ಒಂದು ಕ್ರಮದಲ್ಲಿ ನೋಡಬೇಕೆಂದರೆ ಎಲ್ಲಿಂದ ಆರಂಭಿಸಬಹುದು?

ಒಬ್ಬ ನಿರ್ದೇಶಕರನ್ನು ಆರಿಸಿಕೊಳ್ಳುವುದು ಒಳ್ಳೆಯ ಕ್ರಮ. ನಿರ್ದೇಶಕರ ಪುಟದಲ್ಲಿ ಅವರ ಎಲ್ಲ ಚಿತ್ರಗಳೂ, ಅವುಗಳಲ್ಲಿ ನೀವು ಶೇಕಡಾ ಎಷ್ಟನ್ನು ನೋಡಿದ್ದೀರಿ ಎಂಬ ಲೆಕ್ಕವೂ ಕಾಣಿಸುತ್ತದೆ. ನಮ್ಮ ಜಿಲ್ಲೆಯವರಿಗೆ ಪುಟ್ಟಣ್ಣ ಕಣಗಾಲ್ ಸಹಜವಾದ ಆರಂಭ; ಅವರ ಹೆಸರಿನಲ್ಲಿರುವ ಕಣಗಾಲು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ. 1967ರ ‘ಬೆಳ್ಳಿಮೋಡ’ದಿಂದ ತೊಡಗಿ ‘ಗೆಜ್ಜೆಪೂಜೆ’, ‘ಶರಪಂಜರ’, ‘ನಾಗರಹಾವು’, ‘ರಂಗನಾಯಕಿ’, ‘ಮಾನಸ ಸರೋವರ’ ಹೀಗೆ ಬಿಡುಗಡೆಯ ಕ್ರಮದಲ್ಲಿ ನೋಡುತ್ತ ಹೋದರೆ, ಬಿಡಿಬಿಡಿಯಾಗಿ ಟಿವಿಯಲ್ಲಿ ನೋಡಿದಾಗ ಕಾಣದಿದ್ದ ಸಂಗತಿಗಳು ಕಾಣತೊಡಗುತ್ತವೆ. ಹೆಣ್ಣಿನ ಮನಸ್ಸನ್ನು ಕುರಿತ ಒಂದೇ ಪ್ರಶ್ನೆಯನ್ನು ಅವರು ಚಿತ್ರದಿಂದ ಚಿತ್ರಕ್ಕೆ ಹೇಗೆ ಬೇರೆ ಬೇರೆ ಕಡೆಯಿಂದ ಹಿಡಿದರೆಂಬುದು ಸ್ಪಷ್ಟವಾಗುತ್ತದೆ. ಅವರು ಬೇರೆ ಭಾಷೆಗಳಲ್ಲಿ ಮಾಡಿದ ಚಿತ್ರಗಳೂ ಅದೇ ಪುಟದಲ್ಲಿ ಎದುರಾಗುತ್ತವೆ.

ಇನ್ನೊಂದು ಕ್ರಮ ಊರಿನದು. ಮೇಲುಕೋಟೆಯ ರಾಯಗೋಪುರ ಮತ್ತು ಕಲ್ಯಾಣಿ, ಕೃಷ್ಣರಾಜಸಾಗರದ ಬೃಂದಾವನ, ಶ್ರೀರಂಗಪಟ್ಟಣದ ಹೊಳೆದಂಡೆ, ಲಲಿತಮಹಲ್ ಅರಮನೆ ಇವು ಅನೇಕ ಭಾಷೆಗಳ ಚಿತ್ರಗಳಲ್ಲಿ ಬಂದಿವೆ. ನೋಡುವಾಗ ಗುರುತು ಹಿಡಿದ ಜಾಗಕ್ಕೊಂದು ಪಟ್ಟಿ ಮಾಡುತ್ತ ಹೋದರೆ ಮನೆಯವರೆಲ್ಲ ಉತ್ಸಾಹದಿಂದ ಸೇರಿಕೊಳ್ಳುತ್ತಾರೆ, ವಾದಗಳೂ ಆಗುತ್ತವೆ.

ಮನೆಯ ಹಿರಿಯರನ್ನು ಇದರಲ್ಲಿ ಸೇರಿಸಿಕೊಳ್ಳಬಹುದೆ?

ಅವರಿಗೆ ಖಾತೆ ಮಾಡಿಕೊಟ್ಟು ಬಳಸಿ ಎನ್ನುವುದಕ್ಕಿಂತ, ಅವರ ಹೆಸರಿನಲ್ಲಿ ನಿಮ್ಮ ಖಾತೆಯಲ್ಲಿಯೇ ಒಂದು ಪಟ್ಟಿ ತೆರೆಯುವುದು ಮೇಲು. ಅಮ್ಮನನ್ನೋ ಸೋದರತ್ತೆಯನ್ನೋ ಕೂರಿಸಿಕೊಂಡು, ಮದುವೆಗೆ ಮುಂಚೆ ನೋಡಿದ ಚಿತ್ರ ಯಾವುದು, ಯಾವ ಟಾಕೀಸು, ಯಾರು ಕರೆದುಕೊಂಡು ಹೋಗಿದ್ದರು ಎಂದು ಕೇಳುತ್ತ ಹೋದರೆ ಪಟ್ಟಿ ತಾನಾಗಿ ಬೆಳೆಯುತ್ತದೆ, ಪ್ರತಿ ಹೆಸರಿನ ಕೆಳಗೂ ಟಿಪ್ಪಣಿ ಬರೆಯಲು ಜಾಗವಿದೆ. ಚಿತ್ರದ ಹೆಸರು ಮರೆತು ಹಾಡಿನ ಮೊದಲ ಸಾಲು ಮಾತ್ರ ನೆನಪಿರುವವರು ಹೆಚ್ಚು. ಆ ಸಾಲನ್ನು ಯೂಟ್ಯೂಬಿನಲ್ಲಿ ಹುಡುಕಿದರೆ ಚಿತ್ರ ಸಿಗುತ್ತದೆ. ಆಮೇಲೆ ಆ ಚಿತ್ರವನ್ನು ಅವರೊಂದಿಗೆ ಮತ್ತೊಮ್ಮೆ ನೋಡಬಹುದು.

ಥಿಯೇಟರಿಗೆ ಹೋಗುವುದು ಇದರಿಂದ ಹೆಚ್ಚುತ್ತದೆಯೆ?

ಅನೇಕರ ವಿಷಯದಲ್ಲಿ ಹೆಚ್ಚಿದೆ. ವರ್ಷದ ಡೈರಿಯನ್ನು ತಿರುವಿದಾಗ, ಮನೆಯಲ್ಲಿ ನೋಡಿದ ಚಿತ್ರಗಳು ಮಸುಕಾಗಿರುವುದೂ ಥಿಯೇಟರಿನಲ್ಲಿ ನೋಡಿದವು ಸ್ಪಷ್ಟವಾಗಿ ಉಳಿದಿರುವುದೂ ಗೊತ್ತಾಗುತ್ತದೆ. ಮೈಸೂರಿನಲ್ಲಿ ಸಂಗಂ, ಗಾಯತ್ರಿ, ವುಡ್‌ಲ್ಯಾಂಡ್ಸ್‌ನಂತಹ ಒಂಟಿ ಪರದೆಯ ಚಿತ್ರಮಂದಿರಗಳಲ್ಲದೆ ಜಯಲಕ್ಷ್ಮೀಪುರದ ಡಿಆರ್‌ಸಿ ಮತ್ತು ಮಾಲ್‌ಗಳ ಮಲ್ಟಿಪ್ಲೆಕ್ಸ್‌ಗಳಿವೆ. ದಸರಾ ಸಮಯದ ಚಲನಚಿತ್ರೋತ್ಸವ ಮತ್ತು ರಂಗಾಯಣದ ಬಹುರೂಪಿ ನಾಟಕೋತ್ಸವದ ಅಂಗವಾಗಿ ನಡೆಯುವ ಚಿತ್ರಪ್ರದರ್ಶನಗಳು ಬೇರೆ ಭಾಷೆಯ ಚಿತ್ರಗಳನ್ನು ಇಲ್ಲಿಗೆ ತರುತ್ತವೆ. ಉತ್ಸವದ ವೇಳಾಪಟ್ಟಿ ಬಂದ ದಿನವೇ ಅದರಲ್ಲಿರುವ ಹೆಸರುಗಳನ್ನು ಆ್ಯಪ್‌ನಲ್ಲಿ ನೋಡಿ ವಾಚ್‌ಲಿಸ್ಟ್‌ಗೆ ಹಾಕಿಕೊಂಡರೆ, ಹೆಸರೇ ಕೇಳಿರದ ದೇಶದ ಚಿತ್ರಕ್ಕೆ ಬೆಳಗಿನ ಪ್ರದರ್ಶನದಲ್ಲಿ ಹೋಗಿ ಕೂರುವ ಧೈರ್ಯ ಬರುತ್ತದೆ.

ಸಂಖ್ಯೆ ಏರಿಸುವುದೇ ಚಟವಾಗುವುದಿಲ್ಲವೆ?

ಆಗಬಹುದು. ವರ್ಷಕ್ಕೆ ಇಷ್ಟು ಚಿತ್ರ ಎಂದು ಗುರಿ ಇಟ್ಟುಕೊಂಡವರು ಡಿಸೆಂಬರಿನಲ್ಲಿ ಕಿರುಚಿತ್ರಗಳನ್ನು ಸಾಲಾಗಿ ನೋಡಿ ಲೆಕ್ಕ ಸರಿಮಾಡುವುದನ್ನೂ, ವೇಗ ಹೆಚ್ಚಿಸಿಕೊಂಡು ಚಿತ್ರ ಓಡಿಸುವುದನ್ನೂ ಕಂಡಿದ್ದೇನೆ. ಗುರಿ ಬೇಕೇ ಬೇಕೆಂದರೆ ಅದು ಚಿತ್ರಗಳ ಸಂಖ್ಯೆಯಾಗುವುದು ಬೇಡ. ವಾರದಲ್ಲಿ ಒಂದು ಸಂಜೆಯನ್ನು ಗೊತ್ತುಮಾಡಿಕೊಳ್ಳಬಹುದು. ಗುರುವಾರ ಸಂಜೆ ಎಂದರೆ ಗುರುವಾರ ಸಂಜೆ, ಫೋನು ಬೇರೆ ಕೋಣೆಯಲ್ಲಿ.

ಅರ್ಧಕ್ಕೆ ಬಿಟ್ಟ ಚಿತ್ರವನ್ನು ದಾಖಲಿಸಬೇಕೆ? ಎರಡನೇ ಸಲ ನೋಡಿದರೆ?

ಅರ್ಧಕ್ಕೆ ಬಿಟ್ಟದ್ದನ್ನು ಡೈರಿಗೆ ಸೇರಿಸಬೇಡಿ, ‘ಬಿಟ್ಟವು’ ಎಂದು ಬೇರೆ ಪಟ್ಟಿ ಮಾಡಬಹುದು. ಮರುವೀಕ್ಷಣೆಗೆ ಪ್ರತ್ಯೇಕ ಗುರುತಿದೆ. ಹೊಸ ದಿನಾಂಕದಲ್ಲಿ ಹೊಸ ನಮೂದು ಮಾಡಿ ಆ ಗುರುತು ಹಾಕಿದರೆ ಹಳೆಯ ಅಭಿಪ್ರಾಯವೂ ಹೊಸದೂ ಎರಡೂ ಉಳಿಯುತ್ತವೆ.

ನಾನು ಏನು ನೋಡುತ್ತೇನೆಂದು ಊರಿಗೆಲ್ಲ ತಿಳಿಯುವುದು ಇಷ್ಟವಿಲ್ಲ. ಏನು ಮಾಡಬೇಕು?

ಖಾತೆಗೆ ನಿಜನಾಮ ಕೊಡುವ ಅಗತ್ಯವಿಲ್ಲ, ಭಾವಚಿತ್ರವೂ ಬೇಕಿಲ್ಲ; ಪಟ್ಟಿಗಳನ್ನು ಖಾಸಗಿಯಾಗಿ ಇಟ್ಟುಕೊಳ್ಳಬಹುದು. ಆದರೆ ಪರಸ್ಪರ ಡೈರಿ ನೋಡುವ ನಾಲ್ಕೈದು ಮಂದಿ ಗೆಳೆಯರಿದ್ದರೆ ರೂಢಿ ಬೇಗ ಗಟ್ಟಿಯಾಗುತ್ತದೆ. ಸಾವಿರಾರು ಅಪರಿಚಿತರ ಮೆಚ್ಚುಗೆಯಿಂದ ಅಂತಹ ಪ್ರಯೋಜನವೇನೂ ಆಗುವುದಿಲ್ಲ.

ಆ್ಯಪ್ ಮುಂದೊಂದು ದಿನ ನಿಂತುಹೋದರೆ ಬರೆದದ್ದೆಲ್ಲ ಹಾಳಾಗುವುದಿಲ್ಲವೆ?

ಈ ಪ್ರಶ್ನೆ ಕೇಳಬೇಕಾದದ್ದೇ. ಕಂಪನಿಗಳ ಒಡೆತನ ಬದಲಾಗುತ್ತಲೇ ಇರುತ್ತದೆ. ಲೆಟರ್‌ಬಾಕ್ಸ್‌ಡ್‌ನ ಶೇಕಡಾ 60ರಷ್ಟು ಪಾಲನ್ನು 2023ರಲ್ಲಿ ಕೆನಡಾದ ಟೈನಿ ಎಂಬ ಕಂಪನಿ ಕೊಂಡುಕೊಂಡಿತು. ಸೆಟ್ಟಿಂಗ್ಸ್ ವಿಭಾಗದಲ್ಲಿ ನಿಮ್ಮ ಮಾಹಿತಿಯನ್ನೆಲ್ಲ ಸಿಎಸ್‌ವಿ ಎಂಬ ಕೋಷ್ಟಕ ಮಾದರಿಯ ಕಡತಗಳಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ಡೈರಿ, ನಕ್ಷತ್ರಗಳು, ಬರಹಗಳು, ವಾಚ್‌ಲಿಸ್ಟ್ ಇವೆಲ್ಲ ಬೇರೆ ಬೇರೆ ಕಡತಗಳಾಗಿ ಬರುತ್ತವೆ. ಎಕ್ಸೆಲ್‌ನಲ್ಲಿ ತೆರೆದು ಓದಬಹುದು. ಯುಗಾದಿಗೊಮ್ಮೆ, ದಸರೆಗೊಮ್ಮೆ ಹೀಗೆ ವರ್ಷಕ್ಕೆ ಎರಡು ಸಲ ಇಳಿಸಿಟ್ಟುಕೊಂಡರೆ ಸಾಕು.

ನಡುವೆ ಎರಡು ತಿಂಗಳು ದಾಖಲಿಸುವುದೇ ಬಿಟ್ಟುಹೋಯಿತು. ಈಗ ಏನು ಮಾಡಲಿ?

ಆ ಎರಡು ತಿಂಗಳಲ್ಲಿ ನೋಡಿದ್ದರಲ್ಲಿ ನೆನಪಿರುವಷ್ಟಕ್ಕೆ ಕಣ್ಣಿನ ಗುರುತು ಹಾಕಿ. ದಿನಾಂಕವನ್ನು ಊಹಿಸಿ ತುಂಬಬೇಡಿ. ವಾಚ್‌ಲಿಸ್ಟ್ ತೆರೆದು, ಅವಧಿಯಲ್ಲಿ ಅತಿ ಚಿಕ್ಕದಾದ ಚಿತ್ರವನ್ನು ಈ ವಾರಕ್ಕೆ ಆರಿಸಿಕೊಳ್ಳಿ, ಮತ್ತು ಆ ತೀರ್ಮಾನವನ್ನು ಸಂಜೆ ಆರು ಗಂಟೆಯೊಳಗೆ ಮಾಡಿಬಿಡಿ.